ಮಕ್ಕಳ ಸ್ವಚ್ಛಂದ ಆಟಕ್ಕೆ ತಕ್ಕ ನೆಲ



ಶಿಶುಗಳ ಪಾಲನೆಗೂ ಶಿಕ್ಷಣಕ್ಕೂ ಸಂಬಂಧಿಸಿದ ಯಾವುದಾದರೊಂದು ವಿಷಯವನ್ನು ಕುರಿತು ವರ್ಷಕ್ಕೊಮ್ಮೆ ಇಲ್ಲಿ ಉಪನ್ಯಾಸ ನಡೆಯಬೇಕೆಂಬುದು ಈ ದತ್ತಿಯ ಸಂಕಲ್ಪ. ಪಾಠಕ್ರಮ, ಪರೀಕ್ಷೆ, ಬೋಧನಭಾಷೆ ಮೊದಲಾದ ವಿಷಯಗಳು ಇಂಥ ವೇದಿಕೆಗಳಲ್ಲಿ ಮತ್ತೆ ಮತ್ತೆ ಚರ್ಚಿತವಾಗಿರುವುದರಿಂದಲೂ, ಮಗು ತರಗತಿಯ ಹೊರಗೆ ಕಳೆಯುವ ಹೊತ್ತಿನ ವಿಚಾರವಾಗಿ ನಾವು ಆಡಿರುವ ಮಾತು ತೀರ ಅಲ್ಪವಾಗಿರುವುದರಿಂದಲೂ, ಮಕ್ಕಳು ತಮ್ಮ ಇಚ್ಛೆಯಂತೆ ಆಡುವುದಕ್ಕೆ ಯೋಗ್ಯವಾದ ಸ್ಥಳಗಳನ್ನು ರಚಿಸುವುದು ಹೇಗೆ ಎಂಬುದನ್ನು ಈ ಸಾಯಂಕಾಲದ ವಿಷಯವಾಗಿ ಆರಿಸಿಕೊಂಡಿದ್ದೇನೆ. ಕಟ್ಟಡ ಮತ್ತು ಉದ್ಯಾನಗಳ ರಚನೆ ನನ್ನ ವೃತ್ತಿ. ಆಟ ಮಗುವಿನ ಮನಸ್ಸಿನಲ್ಲಿ ಏನು ಮಾಡುತ್ತದೆಂಬ ಪ್ರಶ್ನೆಯನ್ನು ಮನಶ್ಶಾಸ್ತ್ರದ ಪಂಡಿತರಿಗೆ ಬಿಟ್ಟು, ನೆಲ, ಮರಳು, ಮರ, ಗೋಡೆ, ಬಾಗಿಲುಗಳ ಮಾತನ್ನೇ ನಾನು ಹೆಚ್ಚಾಗಿ ಆಡುತ್ತೇನೆ.

ನನ್ನ ವಿವೇಚನೆಯ ಕ್ರಮ ಹೀಗಿದೆ. ಕಳೆದ ಶತಮಾನದ ನಡುಭಾಗದಲ್ಲಿ ಯೂರೋಪಿನ ಎರಡು ನಗರಗಳಲ್ಲಿ ನಡೆದ ಎರಡು ಪ್ರಯೋಗಗಳನ್ನು ಮೊದಲು ತಮ್ಮ ಮುಂದಿಡುತ್ತೇನೆ. ಅವುಗಳಿಂದ ಹುಟ್ಟುವ ಸಾಮಗ್ರಿಯ ಪ್ರಶ್ನೆ, ಅಪಾಯದ ಪ್ರಶ್ನೆಗಳನ್ನು ಆಮೇಲೆ ಎತ್ತಿಕೊಳ್ಳುತ್ತೇನೆ. ಆಟದ ನೆಲ ಯಾರಿಗೆ ದೊರೆಯುತ್ತದೆ, ಯಾರಿಗೆ ದೊರೆಯುವುದಿಲ್ಲ ಎಂಬುದನ್ನು ವಿಚಾರಿಸಿ, ಕಡೆಯಲ್ಲಿ ನಮ್ಮ ಅಂಗನವಾಡಿ, ಶಾಲೆ, ಬಡಾವಣೆಗಳಿಗೆ ಬರುತ್ತೇನೆ.

ಸ್ವಚ್ಛಂದವಾದ ಆಟವೆಂದರೆ ಏನೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಯಾವ ಆಟವನ್ನು ಆಡಬೇಕೆಂಬುದನ್ನು ಮಗು ತಾನೇ ನಿಶ್ಚಯಿಸಿ, ಅದರ ನಿಯಮಗಳನ್ನು ತಾನೇ ಕಲ್ಪಿಸಿ ಅಥವಾ ಜೊತೆಯವರೊಡನೆ ಜಗಳವಾಡಿ ಒಪ್ಪಿಸಿ, ಬೇಸರವಾದೊಡನೆ ಯಾರ ಅಪ್ಪಣೆಗೂ ಕಾಯದೆ ನಿಲ್ಲಿಸಿಬಿಡಬಲ್ಲದಾದರೆ ಅದು ಸ್ವಚ್ಛಂದವಾದ ಆಟ. ತರಬೇತುದಾರನ ಸೀಟಿಗೆ ಓಡುವ ಮಕ್ಕಳು ಕ್ರೀಡೆಯಲ್ಲಿ ತೊಡಗಿದ್ದಾರೆ. ಅದಕ್ಕೆ ತನ್ನದೇ ಆದ ಶ್ರೇಯಸ್ಸುಂಟು, ಆದರೆ ಈಗಿನ ನನ್ನ ಮಾತು ಅದನ್ನು ಕುರಿತದ್ದಲ್ಲ. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯಲ್ಲಿ ವಿರಾಮ ಮತ್ತು ಆಟಗಳನ್ನು ಮಗುವಿನ ಹಕ್ಕೆಂದು ಹೇಳಿದೆ. ಭಾರತ 1992ರಲ್ಲಿ ಆ ಒಡಂಬಡಿಕೆಗೆ ಸೇರಿತು. ಹಕ್ಕೇನೋ ಉಂಟು, ಅದನ್ನು ಚಲಾಯಿಸುವುದಕ್ಕೆ ಕಾಲಡಿಯಲ್ಲಿ ನೆಲವಿದೆಯೇ ಎಂಬುದು ನಮ್ಮ ಪ್ರಶ್ನೆ.

ಈಗ ಮೊದಲನೆಯ ಪ್ರಯೋಗಕ್ಕೆ ಬರೋಣ. ಡೆನ್ಮಾರ್ಕಿನಲ್ಲಿ ಸಿ. ಟಿ. ಸೋರೆನ್‌ಸೆನ್ ಎಂಬ ಉದ್ಯಾನಶಿಲ್ಪಿ ಇದ್ದರು. ಕೋಪನ್‌ಹೇಗನ್ ನಗರದ ವಸತಿಗಳಿಗೆ ಅವರು ಅನೇಕ ಸುಂದರವಾದ ಉದ್ಯಾನಗಳನ್ನೂ ಆಟದ ಅಂಗಳಗಳನ್ನೂ ರಚಿಸಿಕೊಟ್ಟಿದ್ದರು. ಆದರೆ ಮಕ್ಕಳು ಆ ಅಚ್ಚುಕಟ್ಟಾದ ಅಂಗಳಗಳನ್ನು ಬಿಟ್ಟು, ಕಟ್ಟುತ್ತಿರುವ ಮನೆಗಳ ನಿವೇಶನಗಳಿಗೂ ಹಳೆಯ ಸಾಮಾನು ಬಿದ್ದಿರುವ ಜಾಗಗಳಿಗೂ ನುಗ್ಗಿ ಅಲ್ಲಿ ತನ್ಮಯರಾಗಿ ಆಡುತ್ತಿದ್ದುದು ಅವರ ಕಣ್ಣಿಗೆ ಬಿದ್ದಿತು. ಸಾಮಾನ್ಯನಾದ ಶಿಲ್ಪಿಯಾಗಿದ್ದರೆ ಬೇಲಿಯನ್ನು ಇನ್ನಷ್ಟು ಎತ್ತರಿಸುವ ಸಲಹೆ ಕೊಡುತ್ತಿದ್ದನೇನೋ. ಸೋರೆನ್‌ಸೆನ್ ಅವರಾದರೋ 1931ರಲ್ಲಿ ಪ್ರಕಟಿಸಿದ ಉದ್ಯಾನನೀತಿಯ ಗ್ರಂಥವೊಂದರಲ್ಲಿ, ಗುಜರಿ ಸಾಮಾನು ತುಂಬಿದ ಆಟದ ಬಯಲೊಂದನ್ನು ಮಕ್ಕಳಿಗಾಗಿಯೇ ಏಕೆ ಮಾಡಿಕೊಡಬಾರದು ಎಂಬ ಸೂಚನೆಯನ್ನು ಮುಂದಿಟ್ಟರು.

ಆ ಸೂಚನೆ ಕಾರ್ಯರೂಪಕ್ಕೆ ಬಂದದ್ದು ಹನ್ನೆರಡು ವರ್ಷಗಳ ಮೇಲೆ, 1943ರಲ್ಲಿ, ಡೆನ್ಮಾರ್ಕ್ ಜರ್ಮನ್ ಸೈನ್ಯದ ಆಕ್ರಮಣಕ್ಕೆ ಒಳಗಾಗಿದ್ದ ಕಾಲದಲ್ಲಿ. ಕೋಪನ್‌ಹೇಗನ್ನಿನ ಎಂಡ್ರುಪ್ ಎಂಬ ಭಾಗದಲ್ಲಿ ಕಾರ್ಮಿಕರ ಸಹಕಾರಿ ವಸತಿಯೊಂದರ ಮಗ್ಗುಲಿಗೆ ಆ ಬಯಲು ಸಿದ್ಧವಾಯಿತು. ಅದರ ರಚನೆಯನ್ನು ಗಮನಿಸಬೇಕು. ಬಯಲಿನ ಸುತ್ತ ಎತ್ತರವಾದ ಮಣ್ಣಿನ ದಿಣ್ಣೆ. ದಿಣ್ಣೆಯ ಮೇಲೆ ಗಿಡಗಳ ಬೇಲಿ. ಹೊರಗೆ ನಡೆದಾಡುವವರಿಗೆ ಒಳಗಿನದು ಕಾಣದು, ಒಳಗಿರುವ ಮಕ್ಕಳಿಗೆ ಹೊರಗಿನ ನಗರ ಕಾಣದು. ಒಳಗೆ ಜಾರುಬಂಡೆ, ಉಯ್ಯಾಲೆಗಳು ಯಾವುವೂ ಇರಲಿಲ್ಲ. ಇಟ್ಟಿಗೆ, ಹಲಗೆ, ಕಂಬ, ತಳ್ಳುಗಾಡಿ, ಸುತ್ತಿಗೆ, ಗುದ್ದಲಿಗಳಿದ್ದುವು. ಮಕ್ಕಳು ಗುಹೆ ತೋಡಿದರು, ಗುಡಿಸಲು ಕಟ್ಟಿದರು, ಬೇಡವಾದಾಗ ಕೆಡವಿ ಅದೇ ಹಲಗೆಗಳಿಂದ ಬೇರೆಯದನ್ನು ಎಬ್ಬಿಸಿದರು. ಶಿಲ್ಪಿ ಕೈಯಿಟ್ಟದ್ದು ಎರಡೇ ಸಂಗತಿಗಳಿಗೆ: ಆ ದಿಣ್ಣೆ, ಮತ್ತು ಅದರೊಳಗಿನ ಬರಿಯ ನೆಲ. ತಾನು ರಚಿಸಿದ ಸ್ಥಳಗಳಲ್ಲೆಲ್ಲ ನೋಟಕ್ಕೆ ಅತ್ಯಂತ ಕುರೂಪವಾದದ್ದು ಇದೇ ಆದರೂ ತನ್ನ ಪಾಲಿಗೆ ಅತ್ಯಂತ ಸುಂದರವಾದದ್ದೂ ಇದೇ ಎಂಬ ಅಭಿಪ್ರಾಯವನ್ನು ಸೋರೆನ್‌ಸೆನ್ ಮುಂದೆ ವ್ಯಕ್ತಪಡಿಸಿದರು. ತನ್ನ ಕಸುಬಿನ ಸೌಂದರ್ಯದ ಅಳತೆಗೋಲನ್ನು ಮಕ್ಕಳಿಗಾಗಿ ಹೀಗೆ ಕೆಳಗಿಟ್ಟ ಶಿಲ್ಪಿಗಳು ವಿರಳ, ಮತ್ತು ನನ್ನ ವೃತ್ತಿಯವರೆಲ್ಲ ಈ ಒಂದು ಕಾರಣಕ್ಕಾಗಿ ಆತನನ್ನು ನೆನೆಯತಕ್ಕದ್ದು.

ಎಂಡ್ರುಪಿನಲ್ಲಿ ಇನ್ನೊಬ್ಬರಿದ್ದರು. ಮೊದಲು ನಾವಿಕರಾಗಿದ್ದು ಆಮೇಲೆ ಶಿಶುವಿಹಾರದ ಶಿಕ್ಷಕರಾಗಿ ತರಬೇತು ಪಡೆದ ಜಾನ್ ಬೆರ್ಟೆಲ್‌ಸೆನ್ ಅಲ್ಲಿಯ ಮೊದಲ ಮೇಲ್ವಿಚಾರಕರು. ಮಕ್ಕಳಿಗೆ ತಾನು ಏನನ್ನೂ ಕಲಿಸಲಾರೆ, ಕಲಿಸುವುದೂ ಇಲ್ಲ ಎಂಬುದು ಅವರು ಬಾಯಿಬಿಟ್ಟು ಹೇಳುತ್ತಿದ್ದ ನಿಲುವು. ಕೇಳಿದಾಗ ಮೊಳೆ ಒದಗಿಸುವುದು, ಗರಗಸ ಹಿಡಿಯುವ ಕೈಯನ್ನು ದೂರದಿಂದ ಗಮನಿಸುವುದು, ದೊಡ್ಡವರ ದೂರುಗಳಿಗೆ ಉತ್ತರ ಕೊಡುವುದು, ಬಲಶಾಲಿಯಾದ ಹುಡುಗ ಚಿಕ್ಕವರ ಗುಡಿಸಲನ್ನು ಕಿತ್ತುಕೊಳ್ಳದಂತೆ ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. ಸ್ವಚ್ಛಂದತೆಯೆಂಬುದು ಅನಾಥಸ್ಥಿತಿಯೆಂದು ಭಾವಿಸುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಎಂಡ್ರುಪಿನ ನೆಲವನ್ನು ಕಾಯುವುದಕ್ಕೆ ಒಬ್ಬ ವಯಸ್ಕ ಮನುಷ್ಯ ದಿನವಿಡೀ ಇದ್ದ. ಆಟದೊಳಕ್ಕೆ ಕಾಲಿಡದಿರುವ ಸಂಯಮವೂ ಅವನಿಗಿತ್ತು. ಈ ಎರಡು ಗುಣಗಳು ಒಬ್ಬನಲ್ಲಿಯೇ ಕೂಡಿಬರುವುದು ಕಷ್ಟ. ಅಂಥವರನ್ನು ಸಿದ್ಧಪಡಿಸುವುದು ನೆಲವನ್ನು ಸಿದ್ಧಪಡಿಸುವಷ್ಟೇ ಮುಖ್ಯವೆಂದು ನಾನು ತಿಳಿದಿದ್ದೇನೆ.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಇಂಗ್ಲೆಂಡಿನ ಉದ್ಯಾನಶಿಲ್ಪಿ ಲೇಡಿ ಆಲನ್ ಆಫ್ ಹರ್ಟ್‌ವುಡ್ ಅವರು ಎಂಡ್ರುಪನ್ನು ನೋಡಿ ಬೆರಗಾಗಿ, ಲಂಡನ್ನಿನಲ್ಲಿ ಬಾಂಬು ಬಿದ್ದು ಹಾಳಾದ ನಿವೇಶನಗಳನ್ನು ಹೀಗೆಯೇ ಮಕ್ಕಳಿಗೆ ಬಿಟ್ಟುಕೊಡಬಾರದೇಕೆ ಎಂದು ‘ಪಿಕ್ಚರ್ ಪೋಸ್ಟ್’ ಎಂಬ ಸಚಿತ್ರ ಪತ್ರಿಕೆಯ ಮೂಲಕ ಜನತೆಯನ್ನು ಪ್ರಶ್ನಿಸಿದರು. 1948ರಲ್ಲಿ ಕ್ಯಾಂಬರ್‌ವೆಲ್ ಎಂಬಲ್ಲಿ ಅಂಥ ಮೊದಲ ಬಯಲು ತೆರೆಯಿತು. ಸಾಹಸದ ಆಟದ ಬಯಲುಗಳೆಂಬ ಹೆಸರಿನಿಂದ ಇವು ಬೇರೆ ದೇಶಗಳಿಗೂ ಹಬ್ಬಿದುವು. ಟೋಕಿಯೋ ನಗರದ ಸೆಟಗಾಯದಲ್ಲಿ 1979ರಲ್ಲಿ ಆರಂಭವಾದ ಹನೇಗಿಯ ಆಟದ ಉದ್ಯಾನ ಈ ಪರಂಪರೆಯದೇ.

ಇದನ್ನು ನಾವು ದೂರದ ಮಾತೆಂದು ಭಾವಿಸಬೇಕಾಗಿಲ್ಲ. ನಮ್ಮ ಯಾವುದೇ ಊರಿನಲ್ಲಿ ಮನೆ ಕಟ್ಟುವವರು ರಸ್ತೆಯ ಬದಿಗೆ ಒಂದು ಲೋಡು ಮರಳನ್ನು ಸುರಿಸಿದ ಸಾಯಂಕಾಲ ಏನಾಗುತ್ತದೆಂಬುದನ್ನು ತಾವೆಲ್ಲರೂ ನೋಡಿದ್ದೀರಿ. ಯಾರೂ ಕರೆಯದೆ ಮಕ್ಕಳು ಸೇರುತ್ತಾರೆ. ಒಂದು ಮಗು ತನ್ನ ಪಾದದ ಮೇಲೆ ಹಸಿ ಮರಳನ್ನು ಒಟ್ಟಿ, ಅಂಗೈಯಿಂದ ಮೆಲ್ಲನೆ ತಟ್ಟಿ ತಟ್ಟಿ ಗಟ್ಟಿಮಾಡಿ, ಉಸಿರು ಹಿಡಿದು ಕಾಲನ್ನು ಹಿಂದಕ್ಕೆ ಸೆಳೆಯುತ್ತದೆ. ಗುಬ್ಬಿಗೂಡು ನಿಂತರೆ ಬಾಗಿಲಿಗೆ ಒಂದು ಎಲೆ, ಕುಸಿದರೆ ಇನ್ನೊಂದು ಗೂಡು. ರಾಶಿಯ ಇನ್ನೊಂದು ಮೈಯಲ್ಲಿ ಇಬ್ಬರು ಎದುರುಬದುರಾಗಿ ಕುಳಿತು ಸುರಂಗ ತೋಡುತ್ತಾರೆ. ಮೊಣಕೈಯವರೆಗೆ ಒಳಗೆ ಹೋದ ಕೈಗಳ ಬೆರಳುಗಳು ಕತ್ತಲೆಯಲ್ಲಿ ಒಂದನ್ನೊಂದು ಮುಟ್ಟಿದಾಗ ಎದ್ದ ಕೂಗು ಬೀದಿಯ ತುದಿಗೆ ಕೇಳಿಸುತ್ತದೆ. ಅನತಿದೂರದಲ್ಲಿಯೇ ಬಡಾವಣೆಯ ಉದ್ಯಾನವಿರುತ್ತದೆ. ಅಲ್ಲಿ ಬಣ್ಣ ಬಳಿದ ಜಾರುಬಂಡೆಯೂ ಇರುತ್ತದೆ. ಬೆಳಗಾದರೆ ಗಾರೆಯವರು ಬಂದು ಎತ್ತಿಬಿಡುವ ಈ ಮರಳ ರಾಶಿ ಆ ಉದ್ಯಾನಕ್ಕಿಂತ ಶ್ರೇಷ್ಠವಾದ ಆಟದ ಸ್ಥಳವಾಗಿ ಪರಿಣಮಿಸುತ್ತದೆ. ಸೋರೆನ್‌ಸೆನ್ ಕಂಡದ್ದೂ ಇದನ್ನೇ.

ಇನ್ನು ಎರಡನೆಯ ಪ್ರಯೋಗ. ಇದು ಹಾಲೆಂಡಿನ ಆಮ್‌ಸ್ಟರ್‌ಡ್ಯಾಮಿನದು. ಸ್ವಭಾವದಲ್ಲಿ ಮೊದಲನೆಯದಕ್ಕೆ ವಿರುದ್ಧವಾದದ್ದು. ಎಂಡ್ರುಪಿನ ಬಯಲು ನಗರಕ್ಕೆ ಬೆನ್ನು ತಿರುಗಿಸಿ ನಿಂತಿತು. ಆಮ್‌ಸ್ಟರ್‌ಡ್ಯಾಮಿನ ಅಂಗಳಗಳು ನಗರದೊಳಕ್ಕೇ ಹಾಸಿಕೊಂಡುವು. ಯುದ್ಧಾನಂತರ ಅಲ್ಲಿಯ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ ಆಲ್ಡೊ ವಾನ್ ಐಕ್ ಎಂಬ ತರುಣ ವಾಸ್ತುಶಿಲ್ಪಿ, ನಗರಯೋಜಕಿಯಾಗಿದ್ದ ಯಾಕೋಬಾ ಮುಲ್ಡರ್ ಅವರ ಪ್ರೇರಣೆಯಿಂದ 1947ರಲ್ಲಿ ಬೆರ್ಟೆಲ್‌ಮನ್‌ಪ್ಲೈನ್ ಎಂಬ ಚಿಕ್ಕ ಚೌಕದಲ್ಲಿ ಒಂದು ಆಟದ ಅಂಗಳವನ್ನು ರಚಿಸಿದರು. ಒಂದು ದೊಡ್ಡ ಮರಳುಗುಂಡಿ, ಅದರಲ್ಲಿ ನಾಲ್ಕು ದುಂಡು ಕಲ್ಲುಗಳು, ಪಲ್ಟಿ ಹೊಡೆಯುವುದಕ್ಕೆ ಲೋಹದ ಅಡ್ಡಕಂಬಿಗಳು, ಸುತ್ತ ಮರಗಳು, ಬೆಂಚುಗಳು: ಅಷ್ಟೇ. ನೆರೆಹೊರೆಯವರು ಇದನ್ನು ಕಂಡು ನಮ್ಮ ಬೀದಿಗೂ ಒಂದು ಬೇಕೆಂದು ನಗರಸಭೆಗೆ ಪತ್ರ ಬರೆಯತೊಡಗಿದರು. ಮುಂದಿನ ಮೂವತ್ತು ವರ್ಷಗಳಲ್ಲಿ ವಾನ್ ಐಕ್ ಆ ಒಂದು ನಗರಕ್ಕೆ ಸುಮಾರು 700 ಆಟದ ಅಂಗಳಗಳನ್ನು ರಚಿಸಿಕೊಟ್ಟರು.

ಇವು ಎದ್ದ ಕೆಲವು ನೆಲಗಳ ಚರಿತ್ರೆ ಘೋರವಾದದ್ದು. ನಾಜಿಗಳು ಆಮ್‌ಸ್ಟರ್‌ಡ್ಯಾಮಿನ ಯೆಹೂದ್ಯರನ್ನು ಹಿಡಿದೊಯ್ದ ಮೇಲೆ ಅವರ ಮನೆಗಳು ಬರಿದಾದುವು. 1944–45ರ ಕ್ಷಾಮದ ಚಳಿಗಾಲದಲ್ಲಿ ಉರುವಲಿಲ್ಲದ ಜನ ಆ ಮನೆಗಳ ತೊಲೆ, ಹಲಗೆಗಳನ್ನು ಕಿತ್ತು ಒಲೆಗಿಟ್ಟರು. ಮರವನ್ನು ಕಳೆದುಕೊಂಡ ಗೋಡೆಗಳು ಕುಸಿದುವು. ಹಾಗೆ ಹಾಳುಸುರಿಯುತ್ತಿದ್ದ ನಿವೇಶನಗಳಲ್ಲಿ ಕೆಲವು ಮುಂದೆ ಆಟದ ಅಂಗಳಗಳಾದುವು. ಯಾವ ಮಕ್ಕಳು ಅಲ್ಲಿ ಆಡಬೇಕಾಗಿತ್ತೋ ಆ ಮಕ್ಕಳು ಹಿಂತಿರುಗಲಿಲ್ಲವೆಂಬುದನ್ನು ಹೇಳದೆ ಈ ಪ್ರಯೋಗವನ್ನು ಹೊಗಳುವುದು ನನಗೆ ಸರಿತೋರದು.

ವಾನ್ ಐಕ್ ಅವರ ಕೈಚಳಕ ಯಾವುದರಲ್ಲಿತ್ತೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅವರ ಮರಳುಗುಂಡಿಯ ಅಂಚು ಕಾಂಕ್ರೀಟಿನದು, ಅಗಲವಾದದ್ದು. ಆ ಅಗಲ ವ್ಯರ್ಥವಲ್ಲ. ಚಿಕ್ಕ ಮಗುವಿಗೆ ಅದು ಮರಳಿನ ಕಡುಬುಗಳನ್ನು ಸಾಲಾಗಿ ಜೋಡಿಸುವ ಮಣೆ. ಸ್ವಲ್ಪ ದೊಡ್ಡದಕ್ಕೆ ಸಮತೋಲ ತಪ್ಪದೆ ಓಡುವ ಹಾದಿ. ಅಜ್ಜಿಗೆ ಕೂಡುವ ಜಗಲಿ. ಗುಂಡಿ ಅಂಗಳದ ನಡುಮಧ್ಯದಲ್ಲಿ ಕೂಡದೆ ಒಂದು ಮಗ್ಗುಲಿಗೆ ಸರಿದಿರುತ್ತದೆ. ಆದ್ದರಿಂದ ಅಂಗಳಕ್ಕೆ ಇದೇ ಕೇಂದ್ರ, ಉಳಿದುದೆಲ್ಲ ಅಂಚು ಎಂಬ ಭೇದವಿಲ್ಲ. ನೆಗೆಯುವ ಕಲ್ಲುಗಳ ನಡುವಣ ಅಂತರ ಒಂದೇ ಸಮನಾಗಿಲ್ಲದಿರುವುದರಿಂದ ಪ್ರತಿಯೊಂದು ನೆಗೆತಕ್ಕೂ ಮಗು ಮತ್ತೆ ಅಳೆದು ನೋಡಬೇಕಾಗುತ್ತದೆ. ಆನೆಯ ಆಕಾರದ, ಇನ್ನಾವುದೋ ಪ್ರಾಣಿಯ ಆಕಾರದ ಉಪಕರಣಗಳು ಅವರಿಗೆ ಸಮ್ಮತವಾಗಿರಲಿಲ್ಲ. ಕಾರಣ ಸ್ಪಷ್ಟ: ಲೋಹದ ಆನೆ ಎಂದೆಂದಿಗೂ ಆನೆಯೇ, ಬರಿಯ ಕಮಾನು ಇಂದು ಗುಹೆ, ನಾಳೆ ಅಂಗಡಿ, ನಾಡಿದ್ದು ಹಡಗು. ಹಿಮ ಬಿದ್ದ ದಿನ ನಗರವೆಲ್ಲ ಮಕ್ಕಳದಾಗುತ್ತದೆ, ಆದರೆ ಹಿಮ ಕರಗಿಹೋಗುತ್ತದೆ. ಹಿಮಕ್ಕಿಂತ ಸ್ಥಿರವಾದುದೊಂದನ್ನು ನಗರ ತನ್ನ ಮಕ್ಕಳಿಗೆ ಕೊಡಬೇಕು ಎಂಬುದು ಅವರ ಆಶಯವಾಗಿತ್ತು.

ಒಂದು ಕಡೆ ಏನನ್ನೂ ಕಟ್ಟದ ಶಿಲ್ಪಿ, ಇನ್ನೊಂದು ಕಡೆ ಕಟ್ಟಿದರೂ ಅರ್ಥವನ್ನು ಗೊತ್ತುಮಾಡದ ಶಿಲ್ಪಿ. ಇಬ್ಬರ ಮಾರ್ಗ ಬೇರೆಯಾದರೂ ತತ್ತ್ವ ಒಂದೇ. ಮಕ್ಕಳ ಸ್ಥಳವನ್ನು ರಚಿಸುವವನು ತನ್ನ ಕೃತಿಯನ್ನು ಅಪೂರ್ಣವಾಗಿ ಬಿಟ್ಟು ಬರುವುದಕ್ಕೆ ಕಲಿಯಬೇಕು, ಮತ್ತು ಆ ಅಪೂರ್ಣತೆಯನ್ನು ದೊಡ್ಡವರು ಬಂದು ಪೂರ್ತಿಮಾಡಿಬಿಡದಂತೆ ಯಾರಾದರೂ ಕಾಯಬೇಕು. ಈ ಸಾಯಂಕಾಲ ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ. ಮುಂದಿನದೆಲ್ಲ ಇದರ ವಿಸ್ತಾರ.

ಸಾಮಗ್ರಿಯ ಪ್ರಶ್ನೆಯನ್ನು ಸಂಕ್ಷೇಪವಾಗಿ ಮುಗಿಸುತ್ತೇನೆ. ಸೈಮನ್ ನಿಕಲ್ಸನ್ ಎಂಬುವರು 1971ರ ಲೇಖನವೊಂದರಲ್ಲಿ, ಒಂದು ಸ್ಥಳದಲ್ಲಿ ಎಷ್ಟು ಸೃಷ್ಟಿಶೀಲತೆ ಸಾಧ್ಯವೆಂಬುದು ಅಲ್ಲಿ ಬದಲಾಯಿಸಬಹುದಾದ ಅಂಶಗಳ ಸಂಖ್ಯೆಯನ್ನೂ ವೈವಿಧ್ಯವನ್ನೂ ಅವಲಂಬಿಸಿದೆ ಎಂಬ ಸಿದ್ಧಾಂತವನ್ನು ಮಂಡಿಸಿದರು. ನೆಲಕ್ಕೆ ಬೋಲ್ಟು ಹಾಕಿ ಬಿಗಿದ ಉಪಕರಣದಲ್ಲಿ ಮಗು ಬದಲಾಯಿಸಬಹುದಾದುದು ಏನೂ ಇಲ್ಲ; ಬಿಡಿಯಾದ ಹಲಗೆ, ಹಗ್ಗ, ಬಟ್ಟೆ, ನೀರು, ಮಣ್ಣು ಇದ್ದರೆ ಬದಲಾವಣೆಗೆ ಕೊನೆಯಿಲ್ಲ. ನಮ್ಮ ಮಕ್ಕಳಿಗೆ ಈ ಸಿದ್ಧಾಂತ ಹೊಸದಲ್ಲ. ಲಗೋರಿಗೆ ಬೇಕಾದುದು ಏಳು ಚಪ್ಪಟೆ ಕಲ್ಲು. ಕುಂಟೆಬಿಲ್ಲೆಗೆ ಒಂದು ಹೆಂಚಿನ ಚೂರು. ತೆಂಗಿನ ಗರಿ ಗಿರಗಟ್ಟಲೆಯಾಗುತ್ತದೆ, ಪೀಪಿಯಾಗುತ್ತದೆ. ಅಡಿಕೆಯ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ ಇನ್ನೊಬ್ಬ ಎಳೆದರೆ ಅದೇ ವಾಹನ. ಕೊರತೆ ಸಾಮಗ್ರಿಯದಲ್ಲ, ಅದನ್ನು ಬಿದ್ದಲ್ಲಿ ಬಿಡದೆ ಕಸವೆಂದು ಗುಡಿಸಿಹಾಕುವ ನಮ್ಮ ಶುಚಿಯ ಕಲ್ಪನೆಯದು.

ಅಪಾಯದ ಪ್ರಶ್ನೆ ಇದಕ್ಕಿಂತ ಜಟಿಲವಾದದ್ದು. ಮಗು ಬಿದ್ದರೆ ಯಾರು ಹೊಣೆ ಎಂದು ಮುಖ್ಯೋಪಾಧ್ಯಾಯರು ಕೇಳುತ್ತಾರೆ. ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವ ಅಧಿಕಾರ ನನಗಿಲ್ಲ. ನಾರ್ವೆಯ ಸಂಶೋಧಕಿ ಎಲೆನ್ ಸಾಂಡ್‌ಸೆಟರ್ ಅವರು 2007ರಲ್ಲಿ ಮಕ್ಕಳು ತಾವಾಗಿಯೇ ಅರಸಿಕೊಂಡು ಹೋಗುವ ಅಪಾಯಗಳನ್ನು ಆರು ಬಗೆಯಾಗಿ ವಿಂಗಡಿಸಿದರು: ಎತ್ತರ, ವೇಗ, ಹರಿತವಾದ ಸಲಕರಣೆ, ಬೆಂಕಿ ನೀರು ಮೊದಲಾದ ಸನ್ನಿವೇಶಗಳು, ಮೈಗೆ ಮೈ ತಾಗಿಸಿ ಸೆಣಸುವುದು, ದೊಡ್ಡವರ ಕಣ್ಣಿನಿಂದ ಮರೆಯಾಗುವುದು. ನಮ್ಮ ಮರಕೋತಿಯಾಟವನ್ನು ಇದರೊಡನೆ ಹೋಲಿಸಿ ನೋಡಿ. ವೃತ್ತದಿಂದ ಕೋಲನ್ನು ದೂರಕ್ಕೆ ಎಸೆಯುತ್ತಾರೆ. ಕಳ್ಳನಾದವನು ಅದನ್ನು ತಂದು ವೃತ್ತದಲ್ಲಿಡುವಷ್ಟರೊಳಗೆ ಉಳಿದವರೆಲ್ಲ ಮರವೇರಿಬಿಡಬೇಕು. ಆಮೇಲೆ ಅವನ ಕೈಗೆ ಸಿಕ್ಕದೆ ಕೊಂಬೆಯಿಂದ ಜಿಗಿದು ಕೋಲನ್ನು ಮುಟ್ಟಬೇಕು. ಎತ್ತರ, ವೇಗ, ಸೆಣಸಾಟಗಳು ಈ ಒಂದೇ ಆಟದಲ್ಲಿ ಅಡಕವಾಗಿವೆ. ಯಾವ ಕೊಂಬೆ ತನ್ನನ್ನು ಹೊರುತ್ತದೆಂಬುದನ್ನು ಕಾಲಿನಿಂದ ಒತ್ತಿ ನೋಡಿ ನಿರ್ಣಯಿಸುವ ಮಗುವಿನ ಮುಖವನ್ನು ಹತ್ತಿರದಿಂದ ಕಂಡವರು, ಅಲ್ಲಿ ನಡೆಯುತ್ತಿರುವುದು ಹುಚ್ಚಾಟವೆಂದು ಹೇಳಲಾರರು.

ರಚನಕಾರನು ಇಲ್ಲಿ ಒಂದು ವಿವೇಕವನ್ನು ಇಟ್ಟುಕೊಳ್ಳಬೇಕು. ಮಗುವಿನ ಕಣ್ಣಿಗೆ ಕಾಣುವ ಅಪಾಯ ಒಂದು, ಕಾಣದ ಅಪಾಯ ಇನ್ನೊಂದು. ಮರದ ಎತ್ತರ ಕಾಣುತ್ತದೆ. ಹತ್ತಬೇಕೋ ಬೇಡವೋ ಎಂಬುದನ್ನು ಮಗು ತೂಗಿ ನೋಡುತ್ತದೆ. ಸವೆದ ಸರಪಳಿಯ ಕೊಂಡಿ, ತುಕ್ಕು ಹಿಡಿದ ಜಾರುಬಂಡೆಯ ಅಂಚು, ಮುಚ್ಚಳ ಸಡಿಲವಾದ ಸಂಪು, ಬಾಯಿ ತೆರೆದ ಕೊಳವೆಬಾವಿ ಇವುಗಳನ್ನು ಮಗು ಊಹಿಸಲಾರದು. ಎರಡನೆಯ ಬಗೆಯದನ್ನು ನಿಷ್ಕರುಣೆಯಿಂದ ನಿರ್ಮೂಲಗೊಳಿಸಬೇಕು. ಮೊದಲನೆಯದನ್ನು ಅಳೆದು ಉಳಿಸಬೇಕು. ಯೂರೋಪಿನ ಆಟದ ಉಪಕರಣಗಳ ಪ್ರಮಾಣಸೂತ್ರವೂ ಎತ್ತರವನ್ನು ನಿಷೇಧಿಸಿಲ್ಲ. ಬೀಳಬಹುದಾದ ಎತ್ತರ 3 ಮೀಟರನ್ನು ಮೀರಬಾರದೆಂದೂ ಎತ್ತರಕ್ಕೆ ತಕ್ಕಂತೆ ಕೆಳಗಿನ ನೆಲ ಮೃದುವಾಗಿರಬೇಕೆಂದೂ ವಿಧಿಸಿದೆ. ನಮ್ಮಲ್ಲಿ ಹೆಚ್ಚಾಗಿ ಇದರ ವಿಪರ್ಯಾಸವನ್ನೇ ಕಾಣುತ್ತೇವೆ: ಮರ ಹತ್ತಿದ ಮಗುವನ್ನು ಗದರಿಸಿ ಇಳಿಸುತ್ತೇವೆ, ಉಯ್ಯಾಲೆಯ ಕೆಳಗೆ ಕಾಂಕ್ರೀಟು ಹಾಕಿಸುತ್ತೇವೆ.

ಇಲ್ಲಿಂದ ನನಗೆ ಅತ್ಯಂತ ಮಹತ್ತ್ವದ್ದೆಂದು ತೋರುವ ವಿಷಯಕ್ಕೆ ದಾಟುತ್ತೇನೆ. ಆಟದ ನೆಲ ಇರುವುದು ಬೇರೆ, ಅದು ಎಲ್ಲ ಮಕ್ಕಳಿಗೆ ಒದಗುವುದು ಬೇರೆ. ವಿಯೆನ್ನಾ ನಗರದವರು 1990ರ ದಶಕದಲ್ಲಿ ತಮ್ಮ ಉದ್ಯಾನಗಳನ್ನು ಪರಿಶೀಲಿಸಿದಾಗ, ಒಂಬತ್ತು ವರ್ಷ ದಾಟಿದ ಹೆಣ್ಣುಮಕ್ಕಳು ಅಲ್ಲಿಗೆ ಬರುವುದು ಬಹುಮಟ್ಟಿಗೆ ಕಡಮೆಯಾಗುತ್ತದೆಂಬುದು ಗೊತ್ತಾಯಿತು. ಗಂಡುಮಕ್ಕಳು ಚೆಂಡಾಟಕ್ಕೆ ನಡುಬಯಲನ್ನು ಹಿಡಿದುಬಿಡುತ್ತಿದ್ದರು. ಹೆಣ್ಣುಮಕ್ಕಳು ಅವರೊಡನೆ ಕಾದಾಡುವುದಕ್ಕಿಂತ ಮನೆಗೆ ಹೋಗುವುದೇ ಮೇಲೆಂದು ಹಿಂತೆಗೆಯುತ್ತಿದ್ದರು. ಆಗ ನಗರದವರು ಐನ್‌ಸೀಡ್ಲರ್ ಉದ್ಯಾನ ಮೊದಲಾದ ಕಡೆ ಒಂದೇ ದೊಡ್ಡ ಬಯಲನ್ನು ಹಲವು ಚಿಕ್ಕ ಅಂಗಳಗಳಾಗಿ ವಿಭಾಗಿಸಿ, ಕಾಲುದಾರಿಗಳನ್ನು ಸುಧಾರಿಸಿ, ಬೇರೆ ಬೇರೆ ಆಟಗಳಿಗೆ ಎಡೆಮಾಡಿದರು. ಹೆಣ್ಣುಮಕ್ಕಳು ಮರಳಿ ಬಂದರು. ಇಲ್ಲಿ ಯಾರನ್ನೂ ಹೊರಹಾಕಲಿಲ್ಲ, ಯಾರಿಗೂ ಉಪದೇಶ ಮಾಡಲಿಲ್ಲ. ನೆಲದ ವಿನ್ಯಾಸವನ್ನು ಬದಲಾಯಿಸಿದರು. ನಮ್ಮ ಊರಿನ ಮೈದಾನವನ್ನು ಸಂಜೆ ಐದು ಗಂಟೆಗೆ ಹೋಗಿ ನೋಡಿ. ನಾಲ್ಕು ಕ್ರಿಕೆಟ್ ಆಟಗಳು ಒಂದರೊಳಗೊಂದು ಹೆಣೆದುಕೊಂಡು ನಡೆಯುತ್ತಿರುತ್ತವೆ. ಹೆಣ್ಣುಮಕ್ಕಳು ಕಟ್ಟೆಯ ಮೇಲೆ ತಮ್ಮನನ್ನು ಸೊಂಟದಲ್ಲಿಟ್ಟುಕೊಂಡು ನಿಂತಿರುತ್ತಾರೆ, ಅಥವಾ ಅಲ್ಲಿ ಇರುವುದೇ ಇಲ್ಲ. ತಂಗಿ ತಮ್ಮಂದಿರನ್ನು ನೋಡಿಕೊಳ್ಳುವ ಹೊರೆ ಹೊತ್ತ ಹುಡುಗಿಗೆ ಆಟದ ಸ್ಥಳ ಮನೆಯ ಸಮೀಪದಲ್ಲಿರಬೇಕು. ಎಳೆಯ ಮಗುವನ್ನು ಕೂರಿಸಬಹುದಾದ ನೆರಳು ಅಲ್ಲಿರಬೇಕು. ಒಳಗೆ ಬರುವುದಕ್ಕೆ ಒಂದೇ ಇಕ್ಕಟ್ಟಾದ ಬಾಗಿಲಿದ್ದು ಅಲ್ಲಿಯೇ ದೊಡ್ಡ ಹುಡುಗರು ಗುಂಪುಗೂಡಿ ನಿಲ್ಲುವಂತಿರಬಾರದು.

ಹಳೆಯ ಹಳ್ಳಿಯ ಆಟಗಳನ್ನು ನೆನೆದು ನಿಟ್ಟುಸಿರಿಡುವುದು ಇಂಥ ಸಂದರ್ಭಗಳಲ್ಲಿ ವಾಡಿಕೆ. ನಾನೂ ಜಗಲಿ, ಹಿತ್ತಲು, ಸುಗ್ಗಿ ಮುಗಿದ ಕಣ, ನಾಗರಪಂಚಮಿಗೆ ಮರಕ್ಕೆ ಕಟ್ಟಿದ ಜೋಕಾಲಿಗಳ ಸೊಬಗನ್ನು ಬಲ್ಲವನು. ಆದರೆ ಆ ದೇವಸ್ಥಾನದ ಕಟ್ಟೆ, ಆ ಬಾವಿಯ ಹತ್ತಿರದ ಅಂಗಳ ಊರಿನ ಎಲ್ಲ ಕೇರಿಗಳ ಮಕ್ಕಳಿಗೂ ತೆರೆದಿರಲಿಲ್ಲ. ಆದುದರಿಂದ ಹಿಂದಿನದನ್ನು ಹಾಗೆಯೇ ಮರಳಿ ತರುವುದು ನಮ್ಮ ಗುರಿಯಾಗಲಾರದು. ಇಂದು ಕೇರಿಗಳ ಭೇದವಿಲ್ಲದೆ ಮಕ್ಕಳೆಲ್ಲ ಒಂದೇ ಮರಳಿನಲ್ಲಿ ಕೈಯಿಡುವ ಸಂಭವವುಳ್ಳ ಸ್ಥಳವೆಂದರೆ ಸರ್ಕಾರಿ ಶಾಲೆಯ ಅಂಗಳ ಮತ್ತು ಅಂಗನವಾಡಿ. ಅವುಗಳ ಆಟದ ನೆಲಕ್ಕೆ ನಾನು ಕೊಡುವ ಬೆಲೆ ಈ ಕಾರಣದಿಂದ ಬಹಳ ಹೆಚ್ಚಿನದು. ಅಂಗವೈಕಲ್ಯವುಳ್ಳ ಮಕ್ಕಳ ಮಾತೂ ಹೀಗೆಯೇ. ಲೇಡಿ ಆಲನ್ ಅವರು ತಮ್ಮ ಮುಪ್ಪಿನಲ್ಲಿ ಅಂಥ ಮಕ್ಕಳಿಗಾಗಿ ಶ್ರಮಿಸಿ, 1970ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಸಾಹಸದ ಬಯಲೊಂದನ್ನು ತೆರೆಸಿದರು. ಗಾಲಿಕುರ್ಚಿಯಲ್ಲಿರುವ ಮಗುವಿಗೂ ಮಣ್ಣು, ನೀರು, ಬೆಂಕಿಗಳ ಅನುಭವ ಬೇಕೆಂಬುದನ್ನು ಆಕೆ ಅರಿತಿದ್ದರು. ಇಳಿಜಾರು ಒಂದನ್ನು ಕಟ್ಟಿಸಿ ಕರ್ತವ್ಯ ಮುಗಿಯಿತೆನ್ನುವ ನಮ್ಮ ಪದ್ಧತಿ ಇನ್ನೂ ಅಲ್ಲಿಗೆ ತಲುಪಿಲ್ಲ.

ಕಡೆಯದಾಗಿ ನಮ್ಮ ನಾಡಿನ ಮಾತು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರಲ್ಲಿ ದೇಶದಲ್ಲಿ ಆರಂಭವಾದಾಗ ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಇಂದು ರಾಜ್ಯದ ಅಂಗನವಾಡಿಗಳ ಸಂಖ್ಯೆ 60,000ವನ್ನು ಮೀರಿದೆ. ಶಿಕ್ಷಣದ ಹಕ್ಕಿನ 2009ರ ಕಾಯಿದೆಯ ಅನುಸೂಚಿ ಪ್ರತಿಯೊಂದು ಶಾಲೆಗೂ ಆಟದ ಮೈದಾನವಿರಬೇಕೆಂದು ಹೇಳುತ್ತದೆ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳ ಸಂರಕ್ಷಣೆಗಾಗಿ ನಮ್ಮ ರಾಜ್ಯದಲ್ಲಿಯೇ 1985ರ ಕಾಯಿದೆಯೊಂದುಂಟು. ನಮ್ಮಲ್ಲಿ ಆದರ್ಶಗಳಿಗೂ ಕೊರತೆಯಿಲ್ಲ: ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳೊಡನೆ ನಡೆಸಿದ ಪ್ರಯೋಗಗಳನ್ನು ಈ ಸಭೆಯ ಹಿರಿಯರು ಬಲ್ಲರು. ಈಚೆಗೆ ಬೆಂಗಳೂರಿನ ಆ್ಯಂಟ್‌ಹಿಲ್ ಕ್ರಿಯೇಷನ್ಸ್ ಎಂಬ ಸಂಸ್ಥೆಯವರು ಸವೆದ ಟೈರುಗಳಿಂದ ಶಾಲೆಗಳಲ್ಲಿ ಆಟದ ಅಂಗಳಗಳನ್ನು ಕಟ್ಟುತ್ತಿರುವುದು ಸಂತೋಷದ ಸಂಗತಿ. ಕಟ್ಟಡವನ್ನೇ ಬೋಧನೆಯ ಸಾಧನವಾಗಿಸುವ ‘ಬಾಲಾ’ ಎಂಬ ಕ್ರಮವೂ ಪ್ರಚಾರದಲ್ಲಿದೆ. ಬಾಗಿಲು ತೆರೆಯುವ ನೆಲದ ಮೇಲೆ ಕೋನಗಳನ್ನೂ ಮೆಟ್ಟಿಲುಗಳ ಮೇಲೆ ಅಂಕಿಗಳನ್ನೂ ಬರೆಯುವುದು ಅದರ ರೀತಿ. ಅದರ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಗುವಿನ ಕಣ್ಣು ಬಿದ್ದಲ್ಲೆಲ್ಲ ಪಾಠವೇ ಎದುರಾದರೆ, ಆ ಕಣ್ಣಿಗೆ ತಾನೇ ಏನನ್ನಾದರೂ ಕಲ್ಪಿಸಿಕೊಳ್ಳುವ ಬಿಡುವು ಎಲ್ಲಿ? ಶಾಲೆಯ ಒಂದು ಮೂಲೆಯಾದರೂ ಬರಹವಿಲ್ಲದೆ, ಬಣ್ಣವಿಲ್ಲದೆ ಇರಲಿ.

ನಮ್ಮ ಹವೆಗೆ ತಕ್ಕ ಕೆಲವು ವಿವರಗಳನ್ನು ಹೇಳುತ್ತೇನೆ. ರಾಯಚೂರು, ಕಲಬುರಗಿಗಳ ಬಿಸಿಲಿನಲ್ಲಿ ಲೋಹದ ಜಾರುಬಂಡೆ ಹನ್ನೊಂದು ಗಂಟೆಗೆ ಮುಟ್ಟಲಾಗದಷ್ಟು ಕಾಯುತ್ತದೆ. ರಬ್ಬರಿನ ಹಾಸೂ ಹಾಗೆಯೇ ಕಾಯುತ್ತದೆ. ಅಲ್ಲಿ ಮೊದಲು ಕೊಳ್ಳಬೇಕಾದ ಉಪಕರಣವೆಂದರೆ ಮರ. ಬೇವು ಆ ನೆಲಕ್ಕೆ ಒಗ್ಗಿದ್ದು. ಹೊಂಗೆ ಎಲೆಯುದುರಿಸಿ ಬೇಸಗೆ ಬಲಿಯುವ ಹೊತ್ತಿಗೆ ಮತ್ತೆ ದಟ್ಟವಾಗಿ ಚಿಗುರಿಕೊಳ್ಳುತ್ತದೆ. ಮಲೆನಾಡು, ಕರಾವಳಿಗಳಲ್ಲಿ ನಾಲ್ಕು ತಿಂಗಳು ಬಯಲು ಉಪಯೋಗಕ್ಕೆ ಬಾರದು. ಅಲ್ಲಿ ಕಟ್ಟಡದ ಸುತ್ತ ಅಗಲವಾದ ಜಗಲಿಯೂ ಮುಂದಕ್ಕೆ ಚಾಚಿದ ಮಾಡೂ ಇದ್ದರೆ ಮಕ್ಕಳು ಮಳೆಯ ಹನಿಗೆ ಕೈಯೊಡ್ಡಿಕೊಂಡೇ ಆಡುತ್ತಾರೆ. ಮರಳುಗುಂಡಿ ಒಂದೂವರೆ ಅಡಿಯಾದರೂ ಆಳವಿರಲಿ. ತಳದಲ್ಲಿ ಜಲ್ಲಿ ಹಾಕಿ ನೀರು ಬಸಿದುಹೋಗುವಂತೆ ಮಾಡಬೇಕು, ಇಲ್ಲವಾದರೆ ಮೊದಲ ಮಳೆಗೇ ಅದು ಸೊಳ್ಳೆಯ ಹೊಂಡವಾಗುತ್ತದೆ. ತೊಳೆಯದ ಎಂ-ಸ್ಯಾಂಡಿನಲ್ಲಿ ಧೂಳು ಹೆಚ್ಚು, ಕಣಗಳು ಚೂಪು; ಕೈಗೆ ಹಿತವಾದದ್ದು ದುಂಡು ಕಣದ ಮರಳು. ರಾತ್ರಿ ನಾಯಿ ಬೆಕ್ಕುಗಳು ಹೊಲಸು ಮಾಡದಂತೆ ಟಾರ್ಪಾಲಿನ್ ಹೊದಿಸಬೇಕು, ಬೆಳಗ್ಗೆ ತೆಗೆಯಬೇಕು, ವಾರಕ್ಕೊಮ್ಮೆ ಕೆದಕಿ ಬಿಸಿಲಿಗೆ ಒಡ್ಡಬೇಕು.

ಈ ಕೆಲಸವೆಲ್ಲ ಯಾರ ಪಾಲಿಗೆ ಬೀಳುತ್ತದೆಂಬುದನ್ನು ನಾವು ಬಲ್ಲೆವು. ಅಡುಗೆ, ಪಾಠ, ತೂಕ ನೋಡುವುದು, ದಾಖಲೆ ಬರೆಯುವುದು, ಮನೆಮನೆಗೆ ಹೋಗುವುದು ಇವುಗಳ ನಡುವೆ ಅಂಗನವಾಡಿಯ ಕಾರ್ಯಕರ್ತೆಗೂ ಸಹಾಯಕಿಗೂ ಮರಳು ಕೆದಕುವ ಹೊರೆಯನ್ನು ಹೊರಿಸಿದರೆ ಗುಂಡಿ ಬೇಗನೆ ಮುಚ್ಚಿಹೋಗುವುದು ಖಂಡಿತ. ಆ ದೋಷ ಅವರದಾಗುವುದೂ ಇಲ್ಲ. ಗ್ರಾಮ ಪಂಚಾಯಿತಿಗಳೂ ನಗರಸಭೆಗಳೂ ಹೊಸ ಉಪಕರಣ ಕೊಳ್ಳುವುದಕ್ಕೆ ಹಣವನ್ನು ತೆಗೆದಿಡುತ್ತವೆ; ಉದ್ಘಾಟನೆಯಾಗುತ್ತದೆ, ಕಲ್ಲಿನ ಮೇಲೆ ಹೆಸರುಗಳು ಮೂಡುತ್ತವೆ. ನಾನು ಕೇಳುವುದು ಬೇರೆ ಬಗೆಯ ವೆಚ್ಚ: ವರ್ಷಕ್ಕೊಮ್ಮೆ ಮರಳು ಬದಲಾಯಿಸುವುದಕ್ಕೆ, ಸರಪಳಿಯ ಕೊಂಡಿಗಳನ್ನು ಪರೀಕ್ಷಿಸುವುದಕ್ಕೆ, ಮತ್ತು ಸಂಜೆ ನಾಲ್ಕರಿಂದ ಏಳರವರೆಗೆ ಅಲ್ಲಿ ಇದ್ದು ಬೆರ್ಟೆಲ್‌ಸೆನ್ ಮಾಡಿದ ಕೆಲಸವನ್ನು ಮಾಡುವ ಒಬ್ಬ ವ್ಯಕ್ತಿಯ ಸಂಬಳಕ್ಕೆ. ಊರಿನ ಯುವತಿಯೊಬ್ಬಳು ಆ ಸ್ಥಾನದಲ್ಲಿದ್ದರೆ ಹೆಣ್ಣುಮಕ್ಕಳನ್ನು ಕಳುಹಿಸುವುದಕ್ಕೆ ತಾಯಂದಿರು ಅಳುಕುವುದಿಲ್ಲ. ರಜೆಯ ದಿನಗಳಲ್ಲಿ ಶಾಲೆಯ ಗೇಟಿಗೆ ಬೀಳುವ ಬೀಗದ ಕೈ ಆಕೆಯ ಹತ್ತಿರವಿರಲಿ. ಒಂದು ತಾಲ್ಲೂಕಿನಲ್ಲಿ ಹತ್ತು ಶಾಲೆಗಳನ್ನು ಆರಿಸಿಕೊಂಡು ಮೂರು ವರ್ಷ ಇದನ್ನು ನಡೆಸಿ ನೋಡುವುದಕ್ಕೆ ಯಾವ ಹೊಸ ಕಾಯಿದೆಯೂ ಬೇಕಾಗಿಲ್ಲ; ಜಿಲ್ಲಾ ಪಂಚಾಯಿತಿಯ ಒಂದು ನಿರ್ಣಯ ಸಾಕು. ಈ ಸಭೆಯಲ್ಲಿ ಅಂಥ ನಿರ್ಣಯವನ್ನು ಮಂಡಿಸಬಲ್ಲವರು ಕುಳಿತಿದ್ದಾರೆ. ಅಳತೆ, ನಕ್ಷೆ, ಅಂದಾಜುಪಟ್ಟಿಗಳನ್ನು ಸಿದ್ಧಪಡಿಸಿಕೊಡುವ ಕೆಲಸವನ್ನು ಸಂಭಾವನೆಯಿಲ್ಲದೆ ಮಾಡಿಕೊಡುವುದಕ್ಕೆ ನಾನು ಸಿದ್ಧನಿದ್ದೇನೆ.